ಅಜ್ಜ, ಚಿಕ್ಕಪ್ಪ, ಈಗ ಅಣ್ಣ: ಕ್ಷಯ ವಂಶದಿಂದ ಬರುತ್ತದೆಯೇ?

ಅಜ್ಜನಿಗೂ ಚಿಕ್ಕಪ್ಪನಿಗೂ ಬಂದಿದ್ದ ಕ್ಷಯ ಈಗ ಅಣ್ಣನಿಗೂ ಬಂದಿರುವುದರಿಂದ, ತಂಗಿಗೆ ಸಂಬಂಧ ಕೇಳಿ ಬಂದವರು ‘ಇದು ವಂಶದ ಕಾಯಿಲೆ’ ಎಂದು ಹಿಂದೆ ಸರಿದರೆಂದು ಬರೆದಿದ್ದೀರಿ. ಬದಿಯಡ್ಕದ ಕಡೆ ಜೀವಶಾಸ್ತ್ರ ಕಲಿಸುವ ನನ್ನಲ್ಲಿಯೂ ಇದನ್ನು ಕೇಳುವವರಿದ್ದಾರೆ. ಕ್ಷಯ ತರುವುದು ಗಾಳಿಯಲ್ಲಿ ಹರಡುವ ಬ್ಯಾಕ್ಟೀರಿಯಾ, ವಂಶವಲ್ಲ. ಆದರೆ ಒಳಹೊಕ್ಕ ಬ್ಯಾಕ್ಟೀರಿಯಾವನ್ನು ದೇಹವು ಎಷ್ಟರಮಟ್ಟಿಗೆ ಹದ್ದುಬಸ್ತಿನಲ್ಲಿಡುತ್ತದೆ ಎಂಬುದರಲ್ಲಿ ವಂಶವಾಹಿಗಳಿಗೂ ಪಾಲಿದೆ.

ಸೋಂಕು ತಗಲಿದವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10 ಮಂದಿ ಮಾತ್ರ. 1930ರ ಸುಮಾರಿಗೆ ಜರ್ಮನಿಯ ಲ್ಯೂಬೆಕ್‌ನಲ್ಲಿ, ಕ್ಷಯ ತರುವ ಜೀವಂತ ಬ್ಯಾಕ್ಟೀರಿಯಾ ತಪ್ಪಿ ಬೆರೆತಿದ್ದ ಬಿಸಿಜಿ ಎಂಬ ಕ್ಷಯ ತಡೆಯುವ ಲಸಿಕೆಯನ್ನು ಸುಮಾರು 250 ನವಜಾತ ಶಿಶುಗಳಿಗೆ ಕುಡಿಸಲಾಯಿತು. ಎಪ್ಪತ್ತಕ್ಕೂ ಹೆಚ್ಚು ಶಿಶುಗಳು ಸತ್ತವು, ಉಳಿದವು ಬದುಕಿಕೊಂಡವು. ಎಲ್ಲ ಶಿಶುಗಳಿಗೂ ಹೋದ ಪ್ರಮಾಣ ಒಂದೇ ಆಗಿರಲಿಲ್ಲವಾದ್ದರಿಂದ ಇದನ್ನೇ ವಂಶವಾಹಿಯ ಪುರಾವೆಯೆಂದು ಹಿಡಿಯಲಾಗದು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಅವಳಿಗಳ ಅಧ್ಯಯನ: ಒಬ್ಬರಿಗೆ ಕ್ಷಯ ಬಂದಾಗ ಇನ್ನೊಬ್ಬರಿಗೂ ಬರುವುದು ಸಾಮಾನ್ಯ ಅವಳಿಗಳಿಗಿಂತ ತದ್ರೂಪಿ ಅವಳಿಗಳಲ್ಲಿ ಹೆಚ್ಚು.

ಶ್ವಾಸಕೋಶದ ಭಕ್ಷಕ ಕೋಶಗಳು ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ಆದರೆ ಅದು ಒಳಗೇ ಬದುಕಿ ಉಳಿಯಬಲ್ಲದು. ಆಗ ಅವು ಇಂಟರ್‌ಲ್ಯೂಕಿನ್-12 ಮತ್ತು 23 ಎಂಬ ಸಂದೇಶಗಳನ್ನು ಹೊರಡಿಸುತ್ತವೆ. ಅದಕ್ಕೆ ಓಗೊಟ್ಟ ಟಿ ಕೋಶಗಳು, ಅಂದರೆ ರೋಗದೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು, ಇಂಟರ್‌ಫೆರಾನ್ ಗಾಮಾ ಎಂಬ ಇನ್ನೊಂದು ಸಂದೇಶವನ್ನು ಸ್ರವಿಸಿ, ನುಂಗಿದ್ದನ್ನು ಕೊಲ್ಲುವ ಬಲವನ್ನು ಭಕ್ಷಕ ಕೋಶಗಳಿಗೆ ಕೊಡುತ್ತವೆ. ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ತೊಂದರೆಯೇ. ಸಂದೇಶವನ್ನು ಕೋಶದೊಳಗೆ ಸಾಗಿಸುವ ಟಿವೈಕೆ2 ಎಂಬ ವಂಶವಾಹಿಯ ಒಂದು ರೂಪಾಂತರವನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರಿಗೆ ಕ್ಷಯದ ಅಪಾಯ ಹೆಚ್ಚೆಂದು 2018ರಲ್ಲಿ ಗೊತ್ತಾಯಿತು. ಯೂರೋಪಿನ ಮೂಲದವರಲ್ಲಿ ಸುಮಾರು 600ರಲ್ಲಿ ಒಬ್ಬರು ಹೀಗಿರುತ್ತಾರೆ. ಹಳೆಯ ಎಲುಬುಗಳ ಡಿಎನ್‌ಎ ನೋಡಿದರೆ, ಕಳೆದ ಎರಡು ಸಾವಿರ ವರ್ಷಗಳಲ್ಲಿ ಈ ರೂಪಾಂತರ ಅಲ್ಲಿ ಕಡಮೆಯಾಗುತ್ತ ಬಂದಿದೆ. ಅದನ್ನು ಹೊತ್ತವರನ್ನು ಕ್ಷಯವೇ ಆರಿಸಿ ಕೊಂದಿರಬೇಕು. ಉಳಿದಂತೆ ಘಾನಾ, ರಷ್ಯ, ಐಸ್‌ಲ್ಯಾಂಡ್‌ಗಳಲ್ಲಿ ಸಿಕ್ಕ ಇತರ ವಂಶವಾಹಿ ಸುಳಿವುಗಳ ಪರಿಣಾಮ ಚಿಕ್ಕದು, ಒಂದು ಜನಾಂಗದಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣುವುದೂ ಅಪರೂಪ.

ಆದ್ದರಿಂದ ನಿಮ್ಮ ಮನೆಯ ವಿಷಯದಲ್ಲಿ ನಾನು ವಂಶಕ್ಕಿಂತ ಮೊದಲು ಮನೆಯನ್ನೇ ನೋಡುತ್ತೇನೆ. ಆಟಿಯ ಮಳೆಗೆ ಕಿಟಕಿ ಮುಚ್ಚಿ ನಾಲ್ಕಾರು ಮಂದಿ ಒಂದೇ ಕೋಣೆಯಲ್ಲಿ ಮಲಗುವಾಗ ಒಬ್ಬರ ಕೆಮ್ಮು ಎಲ್ಲರ ಉಸಿರಿಗೂ ಸೇರುತ್ತದೆ. ಸಕ್ಕರೆ ಕಾಯಿಲೆ, ಬೀಡಿ ಸೇದುವುದು, ಅರೆಹೊಟ್ಟೆಯ ಊಟ ಇವು ಸೋಂಕನ್ನು ಕಾಯಿಲೆಯಾಗಿ ಮಾಡುವುದರಲ್ಲಿ ಟಿವೈಕೆ2ಗಿಂತ ನಮ್ಮಲ್ಲಿ ಎಷ್ಟೋ ಮುಂದಿವೆ. ಅಣ್ಣನ ಜೊತೆಗಿದ್ದವರೆಲ್ಲರೂ, ತಂಗಿಯೂ ಸೇರಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಿ. ಕಾಯಿಲೆ ಇಲ್ಲವೆಂದು ಖಚಿತವಾದರೆ ಬಾರದಂತೆ ತಡೆಯುವ ಮಾತ್ರೆಗಳ ಬಗ್ಗೆ ಅಲ್ಲಿಯೇ ವಿಚಾರಿಸಿ.

ಹಣ ಕೊಟ್ಟು ವಂಶವಾಹಿ ಪರೀಕ್ಷೆ ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಬಂಧುಗಳಲ್ಲಿ, ಅದರಲ್ಲೂ ಸೋದರ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ, ಯಾವುದಾದರೂ ಕೂಸಿಗೆ ಬಿಸಿಜಿ ಕೊಟ್ಟ ಬಳಿಕ ಆ ಲಸಿಕೆಯ ಬ್ಯಾಕ್ಟೀರಿಯಾವೇ ಮೈಯೆಲ್ಲ ಹರಡಿದ್ದುಂಟಾದರೆ, ಅದನ್ನು ಮಕ್ಕಳ ವೈದ್ಯರಿಗೆ ತಪ್ಪದೆ ಹೇಳಿ. ಮೇಲೆ ಹೇಳಿದ ಸರಪಳಿಯ ಕೊಂಡಿಯೊಂದು ಸಡಿಲವಿರುವ ಸೂಚನೆ ಅದಾಗಿರಬಹುದು; ಆಗ ವಂಶವಾಹಿ ಪರೀಕ್ಷೆಯನ್ನು ಅವರೇ ಸೂಚಿಸಬಹುದು.