ಹಿತ್ತಲ ಮಾತು: ಡೇರೆ ಹೂವಿನ ಗೆಳತಿಯ ಮನೆಗೆ

ಪ್ರಶ್ನೆ: ನಾನು ಕಾರವಾರದವಳು. ವಯಸ್ಸು 46. ಮೂರು ವರ್ಷದಿಂದ ಹೂಗಿಡ ಬೆಳೆಸುವವರ ವಾಟ್ಸಾಪ್ ಬಳಗದಲ್ಲಿದ್ದೇನೆ. ಅಲ್ಲಿ ಶಿರಸಿ ಹತ್ತಿರದ ಹಳ್ಳಿಯವರೊಬ್ಬರು ಪರಿಚಯವಾದರು. ಈಗ ದಿನಾ ಮಾತಾಡುತ್ತೇವೆ. ಅವರ ಡೇರೆ (ಡೇಲಿಯಾ) ಹೂವಿನ ಫೋಟೋ ಬರದಿದ್ದರೆ ನನಗೆ ಬೆಳಗಾದಂತೆಯೇ ಅನಿಸುವುದಿಲ್ಲ. ಈ ಸಲ ಚೌತಿ ಹೊತ್ತಿಗೆ ಬನ್ನಿ, ಎರಡು ದಿನ ಇದ್ದು ಹೋಗಿ ಎಂದು ಕರೆದಿದ್ದಾರೆ. ಹೋಗುವ ಆಸೆ ಬಹಳ ಇದೆ. ಮುಖ ನೋಡದವರ ಮನೆಗೆ ಹೋಗಿ ಉಳಿಯುವುದು ಹೇಗೆ ಎಂದು ಮನೆಯವರು ಕೇಳುತ್ತಾರೆ. ನನಗೂ ಅಳುಕು. ನನ್ನದು ಬಾಲ್ಕನಿಯಲ್ಲಿ ಹನ್ನೆರಡು ಕುಂಡ, ಅವರದು ದೊಡ್ಡ ಹಿತ್ತಲು. ಏನು ಒಯ್ಯಲಿ? ಎದುರಿಗೆ ಕೂತಾಗ ಮಾತೇ ಬರದಿದ್ದರೆ?

ಉತ್ತರ: ಹೋಗಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಿಮ್ಮ ಮನೆಯವರು ಕೇಳುವುದರಲ್ಲಿ ತಪ್ಪಿಲ್ಲ. ಅವರಿಗೆ ಸಮಾಧಾನವಾಗುವ ಹಾಗೆ ಹೋಗಿ, ಅಷ್ಟೇ. ಬರೀ ಸಂದೇಶದಲ್ಲಿ ಪರಿಚಯ ಇದ್ದರೆ ಸಾಲದು. ಒಂದೆರಡು ಸಲ ವಿಡಿಯೋ ಕರೆ ಮಾಡಿ. ನಿಮ್ಮ ಯಜಮಾನರೂ ಮಾತಾಡಲಿ, ಆ ಕಡೆಯ ಮನೆಯವರೂ ಮಾತಾಡಲಿ. ತಂಗಿಯನ್ನೋ ಮಗಳನ್ನೋ ಜೊತೆಗೆ ಕರೆದುಕೊಳ್ಳಿ. ಸೀದಾ ಅವರ ಮನೆಗೇ ಹೋಗಬೇಕೆಂದಿಲ್ಲ. ಶಿರಸಿಯಲ್ಲಿ ಮಾರಿಕಾಂಬೆ ಗುಡಿಯ ಎದುರು ಸಿಗೋಣ ಎನ್ನಿ. ಜನ ಇರುವ ಜಾಗ, ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ದೇವರಿಗೆ ಕೈ ಮುಗಿದು, ಅಲ್ಲೇ ಹತ್ತು ನಿಮಿಷ ಕೂತು ಮಾತಾಡಿದರೆ ಅರ್ಧ ಅಳುಕು ಹೋಗುತ್ತದೆ. ರಾತ್ರಿ ಉಳಿಯುವುದೋ ಬೇಡವೋ ಎಂಬುದನ್ನು ಆಮೇಲೆ ನೋಡಿಕೊಳ್ಳಿ. ಮೊದಲೇ ಮಾತು ಕೊಡಬೇಡಿ.

ಹಳ್ಳಿಯ ಒಳಗೆ ಹೋದರೆ ಮೊಬೈಲ್ ಸಿಗ್ನಲ್ ಸಿಗುತ್ತದೆ ಎಂದು ನಂಬಬೇಡಿ. ದಾರಿಯ ಗುರುತನ್ನು ಕಾಗದದಲ್ಲಿ ಬರೆದುಕೊಳ್ಳಿ, ಒಂದು ಪ್ರತಿ ಮನೆಯಲ್ಲಿ ಇಟ್ಟು ಬನ್ನಿ. ಅವರ ಮನೆಯಲ್ಲಿ ಹಳೆಯ ಲ್ಯಾಂಡ್‌ಲೈನ್ ಇದ್ದರೆ ಆ ನಂಬರೂ ಇರಲಿ. ಕುಮಟಾ ಮೇಲಿಂದ ಬರುವುದಾದರೆ ದೇವಿಮನೆ ಘಟ್ಟ ಹತ್ತಬೇಕು. ಜೋರು ಮಳೆಯಲ್ಲಿ ಅಲ್ಲಿ ಧರೆ ಕುಸಿಯುವುದುಂಟು. ಹಿಂದಿನ ದಿನ ರಸ್ತೆ ಹೇಗಿದೆ ಎಂದು ವಿಚಾರಿಸಿಯೇ ಹೊರಡಿ.

ಇನ್ನು ದಿನದ ಲೆಕ್ಕ. ಚೌತಿ ಹೊತ್ತಿಗೆ ಅಂದರೆ ಚೌತಿಯ ದಿನವೇ ಬೇಡ. ಆ ದಿನ ಅವರಿಗೆ ನಿಮ್ಮ ಹತ್ತಿರ ಕೂರಲು ಪುರುಸೊತ್ತು ಇರುವುದಿಲ್ಲ. ನಾಲ್ಕೈದು ದಿನ ಮುಂಚೆ ಬನ್ನಿ. ಹೂ ಆಗಲೂ ಇರುತ್ತದೆ. ನಮ್ಮ ಕಡೆ ಕೆಲವು ಮನೆಗಳಲ್ಲಿ ಹಬ್ಬದ ಮುಂಚೆ ಚಕ್ಕುಲಿ ಕಂಬಳ ಮಾಡುತ್ತಾರೆ. ಅಕ್ಕಪಕ್ಕದವರೆಲ್ಲ ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುವುದು. ನಿಮ್ಮ ಅದೃಷ್ಟಕ್ಕೆ ಆ ದಿನ ಸಿಕ್ಕಿದರೆ ಬಿಡಬೇಡಿ, ಕೂತು ನೀವೂ ಸುತ್ತಿ. ಮಾತು ಬರದಿದ್ದರೆ ಎಂದು ಕೇಳಿದಿರಲ್ಲ, ಅದಕ್ಕೆ ನನಗೆ ಗೊತ್ತಿರುವ ಉತ್ತರ ಇದೊಂದೇ. ಕೈಗೆ ಕೆಲಸ ಇರಲಿ.

ಇದು ನನಗೆ ಹೇಗೆ ಗೊತ್ತಾಯಿತು ಎಂದು ಹೇಳುತ್ತೇನೆ. ನನಗೂ ಹೀಗೇ ಫೋನಿನಲ್ಲಿ ಸಿಕ್ಕ ಗೆಳತಿ ಇದ್ದಾರೆ, ಸಿದ್ದಾಪುರದ ಕಡೆಯವರು. ಎರಡು ಮಳೆಗಾಲ ಅವರ ಡೇರೆಯ ಫೋಟೋ ನೋಡಿದ್ದೆ. ಕಡುನೇರಳೆ ಬಣ್ಣದ ಒಂದು ಹೂ, ಊಟದ ತಟ್ಟೆಯಷ್ಟು ದೊಡ್ಡದು. ಒಂದು ಡಿಸೆಂಬರಿನಲ್ಲಿ ಆ ಕಡೆ ಮದುವೆಗೆ ಹೋದವಳು, ಹೇಳದೆ ಕೇಳದೆ ಅವರ ಮನೆಗೆ ಹೋದೆ. ಸಂಜೆ ಐದು ಗಂಟೆ. ಅಂಗಳದ ತುಂಬ ಅಡಕೆ. ಡೇರೆ ಇದ್ದ ಜಾಗದಲ್ಲಿ ಒಣಗಿದ ಕಡ್ಡಿ. ನಾಲ್ಕು ಕಡೆ ಗುಂಡಿ ಬಿದ್ದಿತ್ತು. ಮುಳ್ಳುಹಂದಿ ಬಂದು ಗಡ್ಡೆಗಳನ್ನೆಲ್ಲ ತೋಡಿ ತಿಂದಿತ್ತು. ಆ ನೇರಳೆ ಬಣ್ಣದ್ದೂ ಹೋಗಿತ್ತು. ಅದನ್ನು ಅವರು ನನಗೆ ಬರೆದೇ ಇರಲಿಲ್ಲ.

ಅವರಿಗೆ ಎಷ್ಟು ಸಂಕೋಚವಾಯಿತೆಂದರೆ ಮುಖ ಕೊಟ್ಟು ಮಾತಾಡಲಿಲ್ಲ. ಒಳಗೆ ಹಾಸಿಗೆ ಹಿಡಿದ ಅತ್ತೆ ಇದ್ದರು. ಅದೂ ನನಗೆ ಗೊತ್ತಿರಲಿಲ್ಲ. ನಾನು ತಪ್ಪು ಮಾಡಿದೆ ಎಂದು ಆಗಲೇ ಗೊತ್ತಾಯಿತು. ಹೊರಡುತ್ತೇನೆ ಎಂದರೆ, ಬಸ್ಸು ಇರುವುದು ಬೆಳಿಗ್ಗೆ.

ರಾತ್ರಿ ಊಟವಾದ ಮೇಲೆ ಎಲ್ಲರೂ ಅಡಕೆ ಸುಲಿಯಲು ಕೂತರು. ನನಗೂ ಒಂದು ಮೆಟ್ಟುಗತ್ತಿ ಕೊಡಿ ಎಂದೆ. ನಾನು ಹುಟ್ಟಿದ್ದು ಅಂಕೋಲೆಯಲ್ಲಿ, ಮದುವೆಯಾಗಿ ಘಟ್ಟ ಹತ್ತಿದವಳು. ಸುಲಿಯುವುದನ್ನು ಅತ್ತೆಮನೆಯಲ್ಲಿ ಕಲಿತಿದ್ದೆ. ಪಕ್ಕಪಕ್ಕ ಕೂತು ಸುಲಿದೆವು. ಅರ್ಧ ಗಂಟೆ ಮಾತಿಲ್ಲ. ಆಮೇಲೆ ಅವರೇ ಶುರು ಮಾಡಿದರು. ಮುಳ್ಳುಹಂದಿಯ ಕತೆ, ಅತ್ತೆಯ ಕಾಯಿಲೆ, ಬೆಳಿಗ್ಗೆ ಏಳು ಗಂಟೆಗೆ ಹಾಲು ಕರೆದು ಬರುವಾಗ ಸಿಗುವ ಹತ್ತು ನಿಮಿಷದಲ್ಲಿ ಫೋಟೋ ತೆಗೆಯುವುದು. ಒಬ್ಬರ ಮುಖ ಒಬ್ಬರು ನೋಡುವ ಅಗತ್ಯವೇ ಇರಲಿಲ್ಲ, ಕಣ್ಣು ಕತ್ತಿಯ ಮೇಲೆ ಇರಬೇಕಲ್ಲ. ಹನ್ನೊಂದೂವರೆಗೆ ಎದ್ದೆವು. ಆ ರಾತ್ರಿ ಇಲ್ಲದಿದ್ದರೆ ನಾವು ಇವತ್ತಿಗೂ ಹೂವಿನ ಫೋಟೋ ಕಳಿಸಿಕೊಳ್ಳುವವರಾಗಿಯೇ ಉಳಿಯುತ್ತಿದ್ದೆವು.

ಹಾಗಾಗಿ ನೀವು ಹೋದಾಗ ಜಗುಲಿಯ ಕುರ್ಚಿಯಲ್ಲೇ ಕೂರಬೇಡಿ. ಆಸರಿಗೆ ಎಂತ ಬೇಕು ಎಂದು ಮೊದಲು ಕೇಳುತ್ತಾರೆ. ಬೇಡ ಎನ್ನಬೇಡಿ. ಮಜ್ಜಿಗೆಯೋ ಪುನರ್ಪುಳಿ ಪಾನಕವೋ ಕುಡಿದು, ಅವರು ಹಿತ್ತಲಿಗೆ ಹೊರಟಾಗ ಜೊತೆಗೆ ಹೋಗಿ. ಹೂ ಭಾರಕ್ಕೆ ಬಗ್ಗಿದ ಗಿಡಕ್ಕೆ ಕೋಲು ಕಟ್ಟುವುದು, ಬಸವನಹುಳು ಹೆಕ್ಕುವುದು, ಬಾಡಿದ ಹೂ ಚಿವುಟುವುದು, ಆ ಹೊತ್ತಿಗೆ ಡೇರೆ ಸಾಲಿನಲ್ಲಿ ಕೆಲಸಕ್ಕೆ ಬರವಿಲ್ಲ. ಕಾಲಿಗೆ ಹಳೆಯ ಚಪ್ಪಲಿ ಇರಲಿ. ಹಾವಸೆ ಕಟ್ಟಿದ ಕಡೆ ಹುಷಾರು. ತೋಟದಲ್ಲಿ ಅಡಕೆ ಮರದ ಸಂಕ (ಕಾಲುಸೇತುವೆ) ದಾಟುವಾಗ ಅವರ ಕೈ ಹಿಡಿದುಕೊಳ್ಳಿ. ಉಂಬಳ (ಜಿಗಣೆ) ಹತ್ತಿದರೆ ಎಳೆಯಬೇಡಿ, ಒಂದು ಚಿಟಿಕೆ ಉಪ್ಪು ಹಾಕಿದರೆ ತಾನೇ ಬಿಡುತ್ತದೆ.

ಒಯ್ಯುವುದು ಏನು? ಅಂಗಡಿಯ ಸಿಹಿ ಬೇಡ, ಹಬ್ಬದ ಮನೆಯಲ್ಲಿ ಅದು ಜಾಸ್ತಿಯಾಗುತ್ತದೆ. ನಿಮ್ಮ ಕರಾವಳಿಯದ್ದನ್ನೇ ಒಯ್ಯಿರಿ. ಸುರಗಿ ಹೂವಿನ ಕಾಲದಲ್ಲಿ ಒಣಗಿಸಿಟ್ಟ ದಂಡೆ ಇದೆಯಾ? ಸುರಗಿ ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಅದೊಂದು ದಂಡೆ ಸಾಕು. ನಮ್ಮಮ್ಮ ಸೀರೆಯ ಮಡಿಕೆಯಲ್ಲಿ ಇಡುತ್ತಿದ್ದರು. ಹನ್ನೆರಡು ಕುಂಡದಲ್ಲಿ ಒಂದಾದರೂ ಅಬ್ಬಲಿಗೆ (ಕನಕಾಂಬರ) ಇದ್ದೇ ಇರುತ್ತದೆ, ಅಲ್ವಾ? ಅದರ ಒಣಗಿದ ತೆನೆಗಳನ್ನು ಕಾಗದದಲ್ಲಿ ಕಟ್ಟಿಕೊಳ್ಳಿ. ನೀರು ತಾಗದಂತೆ ಡಬ್ಬಿಯಲ್ಲಿ ಇಡಿ. ಒಂದು ಹನಿ ಬಿದ್ದರೂ ತೆನೆ ಚಟಪಟ ಸಿಡಿದು ಬೀಜವೆಲ್ಲ ಹಾರಿಹೋಗುತ್ತದೆ. ಹಳೆಯ ಕೇಸರಿ ಬಣ್ಣದ ಅಬ್ಬಲಿಗೆಯೇ ಆಗಬೇಕು. ಡೆಲ್ಲಿ ಕನಕಾಂಬರ ಎಂದು ಮಾರುವ ಜಾತಿ ಬೀಜ ಕಟ್ಟುವುದಿಲ್ಲ.

ಗಿಡ ಕೇಳಬೇಡಿ. ಕೊಟ್ಟರೆ ಬೇಡ ಎನ್ನಬೇಡಿ. ಆ ಹೊತ್ತಿಗೆ ಗಡ್ಡೆ ಕೀಳಲು ಆಗುವುದಿಲ್ಲ, ಕೊಡುವುದಿದ್ದರೆ ಟಿಸಿಲು ಕೊಡುತ್ತಾರೆ. ಬಾಳೆಪಟ್ಟೆಯಲ್ಲಿ ಸುತ್ತಿಕೊಂಡರೆ ಕಾರವಾರ ಮುಟ್ಟುವವರೆಗೆ ಬಾಡುವುದಿಲ್ಲ. ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಮರಳಿನಲ್ಲಿ ನೆರಳಿಗೆ ಇಟ್ಟರೆ ಎರಡು ಮೂರು ವಾರಕ್ಕೆ ಬೇರು ಬರುತ್ತದೆ.

ನಿಮ್ಮ ಕುಂಡದ ಬಗ್ಗೆ ಒಂದು ಮಾತು. ಡೇರೆಯ ಮೂಲ ಮೆಕ್ಸಿಕೋದ ಎತ್ತರದ ಗುಡ್ಡಗಾಡು. 1963ರಿಂದ ಅದು ಆ ದೇಶದ ರಾಷ್ಟ್ರೀಯ ಹೂ. ಅದಕ್ಕೆ ತಂಪು ರಾತ್ರಿ ಬೇಕು. ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ, ಮಳೆಗಾಲದ ರಾತ್ರಿ ಇಲ್ಲಿ ಕಂಬಳಿ ಬೇಕು. ನಿಮ್ಮದು ಕಡಲ ದಂಡೆ, ಸೆಖೆ, ಮೇಲಿಂದ ಉಪ್ಪುಗಾಳಿ. ಅಲ್ಲಿ ಗಿಡ ಸೊರಗಿದರೆ ಅದು ನಿಮ್ಮ ಕೈಗುಣವಲ್ಲ. ಆ ಗಾಳಿಯಲ್ಲಿ ಹನ್ನೆರಡು ಕುಂಡ ಹಸಿರಾಗಿ ಇಟ್ಟವರ ಹತ್ತಿರ ನಿಮ್ಮ ಗೆಳತಿಗೂ ಕೇಳುವುದು ಬಹಳ ಇರುತ್ತದೆ.

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲೂಕಿನ ಹಳ್ಳಿ. ಬೆಂಗಳೂರಿನ ಗೆಳತಿಯೊಬ್ಬರು ಮುಂದಿನ ತಿಂಗಳು ಮೊದಲ ಸಲ ಬರುತ್ತಿದ್ದಾರೆ. ಫೋನಿನಲ್ಲೇ ಆದ ಗೆಳೆತನ. ನಾನು ಕಳಿಸಿದ್ದೆಲ್ಲ ಚೆಂದದ ಫೋಟೋ. ಈ ವರ್ಷ ಕೊಳೆರೋಗ ಬಂದು ಅಡಕೆ ಉದುರುತ್ತಿದೆ. ಅಂಗಳವೆಲ್ಲ ಕೆಸರು. ಮನೆಯವರ ಮುಖದಲ್ಲಿ ನಗುವಿಲ್ಲ. ಮುಂದೂಡಲೇ?

ಉತ್ತರ: ಮುಂದೂಡಬೇಡಿ. ಇದ್ದದ್ದನ್ನು ಇದ್ದ ಹಾಗೆ ಇವತ್ತೇ ಹೇಳಿ. ಅಂಗಳದ ಫೋಟೋ ಕಳಿಸಿ, ಉದುರಿದ ಅಡಕೆಯ ಫೋಟೋನೂ ಕಳಿಸಿ. ಮೇಲೆ ಹೇಳಿದ ನನ್ನ ಗೆಳತಿ ಮುಳ್ಳುಹಂದಿಯ ವಿಷಯ ಮೊದಲೇ ಬರೆದಿದ್ದರೆ ಆ ಸಂಜೆ ಅವರು ಅಷ್ಟು ನೋಯಬೇಕಾಗಿರಲಿಲ್ಲ. ನಾನೂ ಹೇಳಿ ಹೋಗಬೇಕಿತ್ತು, ಅದು ಬೇರೆ.

ಒಂದೇ ಎಚ್ಚರ, ಮದ್ದು ಹೊಡೆಯುವ ದಿನ ಅವರು ಬರದ ಹಾಗೆ ನೋಡಿಕೊಳ್ಳಿ. ಅಡಕೆ ಮರ ಹತ್ತುವ ಕೊನೆಗೌಡ ಯಾವಾಗ ಬರುತ್ತಾನೋ, ಮಳೆ ಯಾವಾಗ ಹೊಳವಾಗುತ್ತದೋ, ಆ ದಿನ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಅದರ ಮಾರನೇ ದಿನ ಬರಲಿ. ತೋಟಕ್ಕೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿ. ಮದ್ದೆಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಹೇಳಿ. ಅಷ್ಟು ಎತ್ತರದ ಒದ್ದೆ ಮರ ಹತ್ತಿ ಗೊನೆಗೊನೆಗೂ ಹೊಡೆಯಬೇಕು, ಆಮೇಲೆ ಮಳೆ ಬಿಡದಿದ್ದರೆ ಮತ್ತೆ ಹೊಡೆಯಬೇಕು ಎಂದು ಹೇಳಿ. ಪೇಟೆಯವರಿಗೆ ಇದು ಗೊತ್ತಿರುವುದಿಲ್ಲ. ನಿಮ್ಮ ಮನೆಯವರ ಮುಖದಲ್ಲಿ ನಗು ಯಾಕಿಲ್ಲ ಎಂಬುದು ಅವರಿಗೆ ತಾನಾಗಿ ಅರ್ಥವಾಗುತ್ತದೆ. ಸಂಜೆ ಒಂದು ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಬಿಸಿ ಅನ್ನ ಬಡಿಸಿ. ಅವರಿಗಾಗಿ ಬೇರೆ ಅಡುಗೆ ಮಾಡುವ ಗೋಜು ಬೇಡ.

ಪ್ರಶ್ನೆ: ನಾನು ಕುಮಟಾದವಳು. ಹೋದ ವರ್ಷ ಶಿರಸಿಯ ಗೆಳತಿಯ ಮನೆಗೆ ಹೋಗಿದ್ದೆ. ಚಳಿಗಾಲದಲ್ಲಿ ಅವರು ಹಳದಿ ಡೇರೆಯ ಗಡ್ಡೆ ಕಳಿಸಿಕೊಟ್ಟರು. ಅವರ ಅಜ್ಜಿಯ ಕಾಲದ್ದಂತೆ. ಮೇ ತಿಂಗಳಲ್ಲಿ ನೆಟ್ಟೆ, ಚಿಗುರಲಿಲ್ಲ. ಮೊನ್ನೆ ಅಗೆದು ನೋಡಿದರೆ ಕೊಳೆತಿದೆ. ಗಿಡ ಹೇಗಿದೆ ಎಂದು ಅವರು ಕೇಳುತ್ತಲೇ ಇದ್ದಾರೆ. ಚೆನ್ನಾಗಿದೆ ಎಂದುಬಿಟ್ಟಿದ್ದೇನೆ. ಈಗ ಏನು ಮಾಡಲಿ?

ಉತ್ತರ: ಇವತ್ತೇ ಫೋನ್ ಮಾಡಿ ಹೇಳಿ. ಸಂದೇಶ ಬೇಡ, ಮಾತಾಡಿ. ಸುಳ್ಳು ಹೇಳಿದ್ದನ್ನೂ ಹೇಳಿ.

ಡೇರೆ ಗಡ್ಡೆಗೆ ಆಲೂಗಡ್ಡೆಯ ಹಾಗೆ ಮೈತುಂಬ ಕಣ್ಣಿರುವುದಿಲ್ಲ. ಹಳೆಯ ಕಾಂಡಕ್ಕೆ ಅಂಟಿದ ಕುತ್ತಿಗೆಯಲ್ಲಿ ಮಾತ್ರ ಇರುತ್ತದೆ. ದಾರಿಯಲ್ಲಿ ಆ ಕುತ್ತಿಗೆ ಮುರಿದಿದ್ದರೆ ಎಷ್ಟು ಚೆನ್ನಾಗಿ ನೋಡಿಕೊಂಡರೂ ಅದು ಚಿಗುರುವುದಿಲ್ಲ, ಮಣ್ಣಿನಲ್ಲಿ ಇದ್ದು ಕೊಳೆಯುತ್ತದೆ. ಚಿಗುರುವ ಮುಂಚೆ ನೀರು ಜಾಸ್ತಿಯಾದರೂ ಕೊಳೆಯುತ್ತದೆ. ಯಾವುದಾಯಿತು ಎಂದು ಇಬ್ಬರೂ ಸೇರಿ ಮಾತಾಡಿ.

ಅಜ್ಜಿಯ ಕಾಲದ ಗಿಡ ಎಂದರೆ ಅವರ ಮನೆಯಲ್ಲೂ ಒಂದೆರಡೇ ಇರಬಹುದು. ನಿಮ್ಮ ಹತ್ತಿರ ಇನ್ನೊಂದು ಇದೆ ಎಂಬ ಧೈರ್ಯದಲ್ಲಿ ಅವರು ಇದ್ದಾರೆ. ಅವರ ಹಿತ್ತಲಿಗೂ ಮುಳ್ಳುಹಂದಿ ಬರಬಹುದು. ಅದಕ್ಕೇ ತಡ ಮಾಡಬೇಡಿ ಎನ್ನುವುದು. ಈಗ ಜುಲೈ. ಅವರ ಗಿಡದಲ್ಲಿ ಟಿಸಿಲು ಬಂದಿರುತ್ತದೆ. ನೀವು ಇವತ್ತು ಹೇಳಿದರೆ ಈ ಮಳೆಯಲ್ಲೇ ಇನ್ನೆರಡು ಬೇರು ಬರಿಸಬಹುದು.