ಒಮ್ಮೆ ಹಿಡಿಯುವ, ಒಮ್ಮೆ ‘ಟಕ್’ ಎಂದು ಸುಮ್ಮನಾಗುವ ಸೆಲ್ಫ್: ಹಳೆಯ ಲಾರಿಯಲ್ಲಿ ದೋಷವನ್ನು ಹುಡುಕುವ ಬಗೆ

ನಿಮ್ಮ ಪ್ರಶ್ನೆಯ ಸಾರಾಂಶವನ್ನು ನಾನು ಹೀಗೆ ತಿಳಿದುಕೊಂಡಿದ್ದೇನೆ. ಇಪ್ಪತ್ತು ವರ್ಷ ಹಳೆಯದಾದ, 24 ವೋಲ್ಟ್‌ನ ಡೀಸೆಲ್ ಲಾರಿ ಬೆಳಿಗ್ಗೆ ತಣ್ಣಗಿರುವಾಗ ಅರ್ಧ ಸುತ್ತಿಗೇ ಸ್ಟಾರ್ಟ್ ಆಗುತ್ತದೆ. ಆದರೆ ಒಂದೆರಡು ಗಂಟೆ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಕೀ ತಿರುಗಿಸಿದರೆ ಕೆಲವು ಸಲ ‘ಟಕ್’ ಎಂಬ ಒಂದೇ ಸದ್ದು ಬಂದು ಅಷ್ಟಕ್ಕೇ ನಿಲ್ಲುತ್ತದೆ, ಅರ್ಧ ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಎರಡೂ ಬ್ಯಾಟರಿಗಳನ್ನು ಹೊಸದಾಗಿ ಹಾಕಿಸಿದ್ದೀರಿ, ಸೆಲ್ಫ್ ಮೋಟಾರನ್ನು ಬಿಚ್ಚಿಸಿ ರಿಪೇರಿ ಮಾಡಿಸಿದ್ದೀರಿ, ದೋಷ ಮಾತ್ರ ಹೋಗಿಲ್ಲ. ಗ್ಯಾರೇಜಿಗೆ ಒಯ್ದಾಗಲೆಲ್ಲ ಲಾರಿ ಸಭ್ಯವಾಗಿ ಸ್ಟಾರ್ಟ್ ಆಗುತ್ತದೆ.

ಇನ್ನು ಮುಂದೆ ಯಾವ ಬಿಡಿಭಾಗವನ್ನೂ ಕೊಳ್ಳಬೇಡಿ ಎಂಬುದು ನನ್ನ ಮೊದಲ ಸಲಹೆ. ಆಗಾಗ ಬಂದು ಹೋಗುವ ದೋಷವನ್ನು ಅದು ಇಲ್ಲದ ಹೊತ್ತಿನಲ್ಲಿ ಯಾವ ಪರೀಕ್ಷೆಯೂ ತೋರಿಸುವುದಿಲ್ಲ. ಆದ್ದರಿಂದ ಲಾರಿ ಕೈಕೊಟ್ಟ ಆ ಎರಡು ಮೂರು ನಿಮಿಷಗಳಲ್ಲೇ ಏನನ್ನು ಎಲ್ಲಿ ಅಳೆಯಬೇಕೆಂಬುದನ್ನು ಮೊದಲೇ ನಿರ್ಧರಿಸಿ, ಮಲ್ಟಿಮೀಟರನ್ನು ಕ್ಯಾಬಿನ್ನಿನಲ್ಲಿ ಇಟ್ಟುಕೊಂಡಿರಬೇಕು. ಅಂಥ ಹೊತ್ತಿನಲ್ಲಿ ಸಿಟ್ಟಿಗೆದ್ದು ಹತ್ತು ಸಲ ಕೀ ತಿರುಗಿಸಿ, ಹನ್ನೊಂದನೆಯ ಸಲ ಸ್ಟಾರ್ಟ್ ಆದಾಗ ನಿಟ್ಟುಸಿರು ಬಿಟ್ಟು ಹೊರಟುಬಿಡುವುದು ಎಲ್ಲರೂ ಮಾಡುವ ತಪ್ಪು. ನಾನೂ ಅದನ್ನೇ ಮೂರು ತಿಂಗಳು ಮಾಡಿದೆ.

ಸದ್ದಿನ ವಿಚಾರವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅರ್ಧ ದಾರಿಯನ್ನು ಕಿವಿಯೇ ತೋರಿಸುತ್ತದೆ. ‘ಟಕಟಕಟಕ’ ಎಂದು ಒಂದೇ ಸಮನೆ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿಯ ಶಕ್ತಿ ಕುಂದಿದೆ ಅಥವಾ ಸಂಪರ್ಕ ಸಡಿಲವಾಗಿದೆ ಎಂದು ಅರ್ಥ: ಸೊಲೆನಾಯ್ಡ್ (ಕೀ ತಿರುಗಿಸಿದಾಗ ಮೋಟಾರಿಗೆ ಕರೆಂಟು ಬಿಡುವ, ಸೆಲ್ಫಿನ ಮೇಲಿನ ವಿದ್ಯುತ್ಕಾಂತದ ಸ್ವಿಚ್ಚು) ಎಳೆದೊಡನೆ ವೋಲ್ಟೇಜ್ ಕುಸಿದು ಅದು ಕೈಬಿಡುತ್ತದೆ, ಕೈಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಮೋಟಾರು ‘ಗುರ್’ ಎಂದು ಬರಿದೇ ಸುತ್ತಿ ಎಂಜಿನ್ ಅಲುಗದಿದ್ದರೆ ಪಿನಿಯನ್ನಿನ, ಎಂದರೆ ಎಂಜಿನ್ನಿನ ಫ್ಲೈವೀಲಿಗೆ ಕಚ್ಚಿಕೊಂಡು ಅದನ್ನು ತಿರುಗಿಸುವ ಸಣ್ಣ ಹಲ್ಲುಗಾಲಿಯ, ಕ್ಲಚ್ ಜಾರುತ್ತಿದೆ ಅಥವಾ ಫ್ಲೈವೀಲಿನ ಹಲ್ಲುಗಳು ಸವೆದಿವೆ. ಯಾವ ಸದ್ದೂ ಬಾರದಿದ್ದರೆ ಕೀ ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್ಚು) ಅಥವಾ ಗೇರು ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸ್ಟಾರ್ಟ್ ಆಗಲು ಬಿಡುವ ನ್ಯೂಟ್ರಲ್ ಸ್ವಿಚ್ಚಿನ ಕಡೆ ನೋಡಬೇಕು. ನಿಮ್ಮಲ್ಲಿ ಬರುತ್ತಿರುವುದು ಒಂದೇ ಗಟ್ಟಿಯಾದ ‘ಟಕ್’. ಎಂದರೆ ಸೊಲೆನಾಯ್ಡಿನವರೆಗೆ ಆಜ್ಞೆ ತಲುಪಿದೆ, ಅದು ಅಲುಗಿಯೂ ಇದೆ, ಆದರೆ ಮೋಟಾರಿಗೆ ಸಾಕಷ್ಟು ವಿದ್ಯುತ್ ಸಿಕ್ಕಿಲ್ಲ.

‘ಹೆಡ್‌ಲೈಟ್ ಪ್ರಖರವಾಗಿ ಉರಿಯುತ್ತದೆ, ಹಾಗಾಗಿ ಕೇಬಲ್ ಸರಿಯಿದೆ’ ಎಂದು ಮೆಕ್ಯಾನಿಕ್ ಹೇಳಿದರೆಂದು ಬರೆದಿದ್ದೀರಿ. ಈ ವಾದವನ್ನು ದಯವಿಟ್ಟು ಒಪ್ಪಬೇಡಿ. ಕೇಬಲ್ಲಿನ ತುದಿಯೊಂದರಲ್ಲಿ ಕಿಲುಬು ಹಿಡಿದು 0.01 ಓಮ್ ಪ್ರತಿರೋಧ ಸೇರಿಕೊಂಡಿದೆ ಎಂದಿಟ್ಟುಕೊಳ್ಳಿ. 70 ವಾಟ್‌ನ ಬಲ್ಬು 24 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 3 ಆಂಪಿಯರ್. ಆ ಜಾಗದಲ್ಲಿ ಅದು ಕಳೆದುಕೊಳ್ಳುವುದು 0.03 ವೋಲ್ಟ್, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಅದೇ ದಾರಿಯಲ್ಲಿ ಸೆಲ್ಫ್ ಮೋಟಾರು 300 ಆಂಪಿಯರ್ ಕೇಳಿದರೆ 3 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ, 900 ವಾಟ್‌ನಷ್ಟು ಶಾಖ ಆ ಒಂದು ಬೋಲ್ಟಿನಲ್ಲಿ ಹುಟ್ಟುತ್ತದೆ. ಶಾಖದಿಂದ ಸಂಪರ್ಕ ಇನ್ನಷ್ಟು ಕೆಡುತ್ತದೆ, ತಣಿದ ಮೇಲೆ ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ಇದೇ ಕಾರಣದಿಂದ, ಏನೂ ಓಡದೆ ನಿಂತಿರುವಾಗ ಮೀಟರು ತೋರಿಸುವ 25 ವೋಲ್ಟ್ ಕೂಡ ಸಾಕ್ಷಿಯಲ್ಲ. ನೂರಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ಅಷ್ಟನ್ನೇ ತೋರಿಸುತ್ತದೆ.

ಹಾಗಾಗಿ ಅಳೆಯಬೇಕಾದದ್ದು ಕೀ ತಿರುಗಿಸಿ ಹಿಡಿದಿರುವಾಗ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಕೈಯಲ್ಲಿರುವ ಉಂಗುರ ಮತ್ತು ಗಡಿಯಾರವನ್ನು ತೆಗೆದಿಟ್ಟ ಬಳಿಕ ಇನ್ನೊಬ್ಬರನ್ನು ಕೀ ಬಳಿ ಕೂರಿಸಿ. ಪ್ರತಿ ಸಲವೂ ಐದಾರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಮೊದಲು ಎರಡೂ ಬ್ಯಾಟರಿಗಳ ಒಟ್ಟು ವೋಲ್ಟೇಜನ್ನು ಸೀಸದ ಕಂಬಗಳ ಮೇಲೆಯೇ, ಕ್ಲಾಂಪುಗಳ ಮೇಲಲ್ಲ, ನೋಡಿ. ‘ಟಕ್’ ಎಂದ ಮೇಲೆ ಅದು 25ರ ಆಸುಪಾಸಿನಲ್ಲೇ ನಿಂತಿದ್ದರೆ ಬ್ಯಾಟರಿಯಿಂದ ಹೇಳಿಕೊಳ್ಳುವಷ್ಟು ಕರೆಂಟು ಹೊರಟೇ ಇಲ್ಲ, ದಾರಿ ಎಲ್ಲೋ ಕಟ್ಟಿದೆ. 15ಕ್ಕೋ ಅದಕ್ಕಿಂತ ಕೆಳಗೋ ಕುಸಿದರೆ ಒಂದೋ ಬ್ಯಾಟರಿಗೆ ತ್ರಾಣವಿಲ್ಲ, ಇಲ್ಲವೇ ಮೋಟಾರು ಒಳಗೆ ಬಿಗಿದುಕೊಂಡಿದೆ. ಎಂಜಿನ್ ಆರೋಗ್ಯವಾಗಿ ಸುತ್ತುವಾಗ ಈ ಅಂಕಿ ಸುಮಾರು 19 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು.

ದಾರಿ ಕಟ್ಟಿದೆ ಎಂದಾದರೆ ಮೂರು ಕಡೆ ನೋಡಬೇಕು, ಮೂರರಲ್ಲೂ ಕೀ ತಿರುಗಿಸಿಯೇ ಇರಬೇಕು. ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ, ಎಂದರೆ 30 ಎಂದು ಗುರುತಿರುವ ತುದಿಗೆ. ಆ ಬೋಲ್ಟಿನಿಂದ ಸೊಲೆನಾಯ್ಡಿನ ಆಚೆಗಿನ, ಮೋಟಾರಿನೊಳಗೆ ಹೋಗುವ ಬೋಲ್ಟಿಗೆ. ಕೊನೆಗೆ ಸೆಲ್ಫಿನ ಮೈಯಿಂದ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. ವೋಲ್ಟೇಜು ಕಾಣಿಸಿಕೊಂಡ ಕಡೆಯಲ್ಲೇ ಅಡಚಣೆಯಿದೆ. ಕೇಬಲ್ಲುಗಳ ಎರಡೂ ಕಡೆ ಬಹುತೇಕ ಸೊನ್ನೆ ಬಂದು ಸೊಲೆನಾಯ್ಡಿನ ಎರಡು ಬೋಲ್ಟುಗಳ ನಡುವೆ ಬ್ಯಾಟರಿಯ ಪೂರ್ತಿ ವೋಲ್ಟೇಜು ಕಂಡರೆ, ಆ ಎರಡು ಬೋಲ್ಟುಗಳನ್ನು ಒಳಗೆ ಜೋಡಿಸುವ ತಾಮ್ರದ ಬಿಲ್ಲೆ ಸುಟ್ಟಿದೆ ಅಥವಾ ಪೂರ್ತಿ ಒತ್ತಿಕೊಳ್ಳುತ್ತಿಲ್ಲ. ಮೂರೂ ಕಡೆ ಸೊನ್ನೆ ಬಂದು, ಮೋಟಾರಿನ ಬೋಲ್ಟಿಗೆ ಪೂರ್ತಿ ವೋಲ್ಟೇಜು ತಲುಪಿಯೂ ಅದು ತಿರುಗದಿದ್ದರೆ ದೋಷ ಮೋಟಾರಿನ ತಿರುಗುವ ಭಾಗವಾದ ಆರ್ಮೇಚರಿನದು ಅಥವಾ ಅದಕ್ಕೆ ಕರೆಂಟು ಕೊಡುವ ಕಾರ್ಬನ್ ಬ್ರಷ್‌ಗಳದ್ದು. ಎಂಜಿನ್ ತಿರುಗುತ್ತಿರುವಾಗ ಕೇಬಲ್ಲಿನ ಒಂದು ಬದಿಯಲ್ಲಿ ಅರ್ಧ ವೋಲ್ಟ್ ನಷ್ಟವಾದರೆ ನಾನು ಚಿಂತಿಸುವುದಿಲ್ಲ, ಒಂದು ವೋಲ್ಟ್ ದಾಟಿದರೆ ಆ ಕೇಬಲ್ಲನ್ನು ಬಿಚ್ಚಿ ನೋಡುತ್ತೇನೆ. ಬ್ಯಾಟರಿಯನ್ನು ಪೂರ್ತಿ ಕಡಿದುಹಾಕುವ ಮೇನ್ ಸ್ವಿಚ್ ಇದ್ದರೆ ಅದನ್ನೂ ಈ ದಾರಿಯ ಭಾಗವೆಂದೇ ಎಣಿಸಿ. ಅದರೊಳಗಿನ ಸಂಪರ್ಕಗಳೂ ಸುಡುತ್ತವೆ.

ನನ್ನ ಲಾರಿಯಲ್ಲಿ ದೋಷವಿದ್ದದ್ದು ಮೂರನೆಯ ಕಡೆಯಲ್ಲಿ. ಎಂಜಿನ್ನಿಗೂ ಚಾಸಿಸ್ಸಿಗೂ ನಡುವಿನ ಅರ್ತ್ ಕೇಬಲ್ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಹಿಂದಿರುಗುವ ಕೇಬಲ್) ಹೊರನೋಟಕ್ಕೆ ಚೆನ್ನಾಗಿಯೇ ಇತ್ತು, ಬೋಲ್ಟಿಗೆ ಕೂರುವ ಅದರ ತುದಿಯ ಲಗ್ಗು ಬಿಗಿಯಾಗಿತ್ತು, ಬೋಲ್ಟಿನಲ್ಲಿ ತುಕ್ಕಿರಲಿಲ್ಲ. ಆದರೂ ಲಾರಿ ಕೈಕೊಟ್ಟ ಒಂದು ಸಂಜೆ ಎಂಜಿನ್ ಬ್ಲಾಕಿಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನಡುವೆ ಮೀಟರು 6 ವೋಲ್ಟ್ ತೋರಿಸಿತು. ಹೊದಿಕೆಯನ್ನು ಸೀಳಿದಾಗ ಲಗ್ಗಿನಿಂದ ನಾಲ್ಕು ಬೆರಳಿನಷ್ಟು ದೂರ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ಎಂಜಿನ್ ಕೂತಿರುವುದು ರಬ್ಬರಿನ ಮೇಲಾದ್ದರಿಂದ ಆ ಕೇಬಲ್ಲಿಲ್ಲದಿದ್ದರೆ ಕರೆಂಟಿಗೆ ಹಿಂದಿರುಗಲು ಸರಿಯಾದ ದಾರಿಯೇ ಇರುವುದಿಲ್ಲ. ಅದು ಆಕ್ಸಿಲರೇಟರಿನ ತಂತಿಯಂಥ ಸಿಕ್ಕಿದ ಲೋಹವನ್ನೆಲ್ಲ ಹಿಡಿದು ಹೋಗಲು ನೋಡುತ್ತದೆ. ಆ ತಂತಿ ಕೈಗೆ ಬಿಸಿಯಾಗಿ ತಾಗುತ್ತಿದ್ದುದು ನನಗೆ ವಾರಗಳ ಹಿಂದೆಯೇ ಗೊತ್ತಿತ್ತು, ಎಂಜಿನ್ನಿನ ಬಿಸಿ ಎಂದುಕೊಂಡು ಸುಮ್ಮನಿದ್ದೆ. ಅಷ್ಟರಲ್ಲಿ ಎರಡು ಒಳ್ಳೆಯ ಬ್ಯಾಟರಿಗಳನ್ನು ಗುಜರಿಗೆ ಹಾಕಿಯಾಗಿತ್ತು.

ಆದರೆ ನಿಮ್ಮದು ಬಿಸಿಯಾದಾಗ ಮಾತ್ರ ಬರುವ ದೋಷವಾದ್ದರಿಂದ ನನ್ನ ಅನುಮಾನ ಮೊದಲು ಹೋಗುವುದು ಸೊಲೆನಾಯ್ಡಿನ ಕಡೆಗೆ. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಶೇ 0.4ರಷ್ಟು ಏರುತ್ತದೆ, 20 ಡಿಗ್ರಿಯಲ್ಲಿದ್ದ ಸುರುಳಿ 100 ಡಿಗ್ರಿಗೆ ಕಾದರೆ ಅದರ ಪ್ರತಿರೋಧ ಶೇ 30ರಷ್ಟು ಹೆಚ್ಚಿ, ಎಳೆಯುವ ಬಲ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಎಂಜಿನ್ ನಿಲ್ಲಿಸಿದ ಮೊದಲ ಹತ್ತು ಹದಿನೈದು ನಿಮಿಷ ಗಾಳಿಯ ಓಡಾಟವಿಲ್ಲದೆ, ಸೆಲ್ಫು ಓಡುವಾಗ ಇದ್ದುದಕ್ಕಿಂತ ಹೆಚ್ಚು ಕಾಯುತ್ತದೆ. ಇದರ ಜೊತೆಗೆ ಇಪ್ಪತ್ತು ವರ್ಷದ ಕೀ ಸ್ವಿಚ್ಚು ಮತ್ತು ಕನೆಕ್ಟರುಗಳು ಮೂರು ನಾಲ್ಕು ವೋಲ್ಟ್ ತಿಂದುಬಿಟ್ಟರೆ, ಸೊಲೆನಾಯ್ಡಿನೊಳಗಿನ ಚಲಿಸುವ ಕಬ್ಬಿಣದ ದಂಡವಾದ ಪ್ಲಂಜರು ಅಲುಗಿ ‘ಟಕ್’ ಎನ್ನುತ್ತದೆಯೇ ಹೊರತು ತಾಮ್ರದ ಬಿಲ್ಲೆಯನ್ನು ಗಟ್ಟಿಯಾಗಿ ಒತ್ತುವುದಿಲ್ಲ. ಸೆಲ್ಫನ್ನು ರಿಪೇರಿ ಮಾಡಿದವರು ಸೊಲೆನಾಯ್ಡನ್ನು ಬದಲಿಸಿದರೋ ಅಥವಾ ಬ್ರಷ್ ಮತ್ತು ಬುಷ್ ಹಾಕಿ ಬಣ್ಣ ಬಳಿದು ಕೊಟ್ಟರೋ ಎಂದು ಕೇಳಿ ತಿಳಿದುಕೊಳ್ಳಿ. ಬಣ್ಣದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ: ಸೆಲ್ಫು ಎಂಜಿನ್ನಿಗೆ ಕೂರುವ ಮುಖದ ಮೇಲೂ ಬಣ್ಣ ಹೊಡೆದಿದ್ದರೆ ಅರ್ತ್ ಕೆಡುತ್ತದೆ, ಅದನ್ನು ಕೆರೆದು ಲೋಹ ಹೊಳೆಯುವಂತೆ ಮಾಡಬೇಕು.

ಸೊಲೆನಾಯ್ಡಿನ 50ನೆಯ ಟರ್ಮಿನಲ್ಲಿಗೆ, ಎಂದರೆ ಕೀ ಸ್ವಿಚ್ಚಿನಿಂದ ಆಜ್ಞೆ ಬರುವ ತಂತಿ ಸೇರುವ ತುದಿಗೆ, ಫ್ಯೂಸ್ ಸಹಿತವಾದ ಒಂದು ಸಣ್ಣ ತಂತಿಯನ್ನು ಜೋಡಿಸಿ, ಅದರ ಇನ್ನೊಂದು ತುದಿಯನ್ನು ಕ್ಯಾಬಿನ್ನಿಗೆ ತಂದು ಮೀಟರಿಗೆ ಕೊಡಿ. ಮೀಟರಿನ ನೆಗೆಟಿವ್ ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಸೇರಿಸಿ. ಅದನ್ನು ಹಾಗೆಯೇ ಬಿಟ್ಟು ವಾರಗಟ್ಟಲೆ ಓಡಿಸಬಹುದು. ಲಾರಿ ಕೈಕೊಟ್ಟ ಕ್ಷಣದಲ್ಲಿ ಅಲ್ಲಿ 23 ಅಥವಾ 24 ವೋಲ್ಟ್ ಕಂಡರೆ ಕೀ ಸ್ವಿಚ್ಚಿನ ಕಡೆಯ ದಾರಿ ಸರಿಯಿದೆ, ಅಡಚಣೆ ಸೆಲ್ಫಿನಲ್ಲಿ ಅಥವಾ ದಪ್ಪ ಕೇಬಲ್ಲುಗಳಲ್ಲಿದೆ. ಬ್ಯಾಟರಿ 25ರಲ್ಲೇ ಇರುವಾಗ ಇಲ್ಲಿ 18 ಕಂಡರೆ ಕೀ ಸ್ವಿಚ್ಚು, ರಿಲೇ, ಕನೆಕ್ಟರುಗಳನ್ನು ಒಂದೊಂದಾಗಿ ನೋಡಿ. ರಿಲೇಯೇ ಇಲ್ಲದ ಹಳೆಯ ವೈರಿಂಗಾಗಿದ್ದರೆ ಒಂದು ರಿಲೇ ಸೇರಿಸುವುದರಿಂದಲೇ ಎಷ್ಟೋ ಸಲ ತೊಂದರೆ ತೀರುತ್ತದೆ. ಸುತ್ತಿಗೆಯಿಂದ ಸೆಲ್ಫನ್ನು ತಟ್ಟುವ ಹಳೆಯ ಉಪಾಯದ ಬಗ್ಗೆಯೂ ಕೇಳಿದ್ದೀರಿ. ಮೆಲ್ಲಗೆ ತಟ್ಟಿದಾಗ ಸ್ಟಾರ್ಟ್ ಆದರೆ ಬ್ರಷ್ ಅಥವಾ ಬಿಲ್ಲೆ ಸವೆದಿರುವ ಸೂಚನೆ ಸಿಗುತ್ತದೆ ನಿಜ, ಆದರೆ ಅದರಿಂದ ಅಳೆಯುವ ಅವಕಾಶವೂ ತಪ್ಪಿಹೋಗುತ್ತದೆ. ಮೊದಲು ಮೀಟರು ನೋಡಿ, ಆಮೇಲೆ ತಟ್ಟಿ.

ಹೊಸ ಬ್ಯಾಟರಿಗಳನ್ನೂ ಕುರುಡಾಗಿ ನಂಬಬೇಡಿ. 12 ವೋಲ್ಟ್‌ನ ರೇಡಿಯೋ ಅಥವಾ ದೀಪಕ್ಕಾಗಿ ಎರಡರಲ್ಲಿ ಒಂದೇ ಬ್ಯಾಟರಿಯಿಂದ ತಂತಿ ಎಳೆದಿದ್ದರೆ ಆ ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ನೀರು ಕಳೆದುಕೊಳ್ಳುತ್ತದೆ. ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಒಂದೊಂದನ್ನೂ ಬೇರೆಯಾಗಿ ಅಳೆದಾಗ ಎರಡೂ 12.6ರ ಆಸುಪಾಸಿನಲ್ಲಿರಬೇಕು, ಎಂಜಿನ್ ಓಡುವಾಗ ಒಟ್ಟು 27.6ರಿಂದ 28.8 ವೋಲ್ಟ್ ಬರಬೇಕು.

ಸೆಲ್ಫು ಚೆನ್ನಾಗಿ ಸುತ್ತಿಯೂ ಎಂಜಿನ್ ಹಿಡಿಯದಿರುವ ತೊಂದರೆ ಬೇರೆಯೇ. ಅಲ್ಲಿ ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿಯುವುದನ್ನೂ ಎಂಜಿನ್ ನಿಲ್ಲಿಸಲು ಡೀಸೆಲ್ ತಡೆಯುವ, ಪಂಪಿನ ಸ್ಟಾಪ್ ಸೊಲೆನಾಯ್ಡನ್ನೂ ನೋಡಬೇಕಾಗುತ್ತದೆ. ನೀವು ಬರೆದಿರುವ ಲಕ್ಷಣಕ್ಕೆ ಅದು ಸಂಬಂಧಿಸಿಲ್ಲ.

ಮುಂದಿನ ಸಲ ಲಾರಿ ಕೈಕೊಟ್ಟಾಗ ಕೀ ಹಿಡಿದಿರುವಂತೆಯೇ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ: ಬ್ಯಾಟರಿಯ ಕಂಬಗಳ ನಡುವೆ, 50ನೆಯ ಟರ್ಮಿನಲ್ಲಿನಲ್ಲಿ, ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ, ಸೆಲ್ಫಿನ ಮೈಗೂ ನೆಗೆಟಿವ್ ಕಂಬಕ್ಕೂ ನಡುವೆ. ಅವನ್ನು ಈ ಉತ್ತರದ ಕೆಳಗೆ ಹಾಕಿದರೆ ಮುಂದೆ ಏನನ್ನು ಬಿಚ್ಚಬೇಕೆಂದು ನೋಡಿ ಹೇಳುತ್ತೇನೆ.