ಅಟ್ಲಾಂಟಾದಿಂದ ಮಕ್ಕಳ ಜೊತೆ ಟೆನೆಸೀ ರಾಜ್ಯದ ಚಟ್ಟನೂಗಾಗೆ ಹೋಗಲು ಒಂದು ವೀಕೆಂಡ್ ಸಾಕಾ?

ಖಂಡಿತ ಸಾಕು. ಕಾರಿನಲ್ಲಿ ಸುಮಾರು ಎರಡು ಗಂಟೆ ದಾರಿ. ನದಿ ಹತ್ತಿರ ಡೌನ್‌ಟೌನ್‌ನಲ್ಲೇ ರೂಮ್ ಮಾಡಿ, ಅರ್ಧ ಊರು ನಡೆದೇ ನೋಡಬಹುದು.

ಶನಿವಾರ ಬೆಳಿಗ್ಗೆ ಟೆನೆಸೀ ಅಕ್ವೇರಿಯಂ. ಅದಕ್ಕೆ ಅವಸರ ಬೇಡ. ನದಿಯ ಜೀವಿಗಳನ್ನು ತೋರಿಸುವ ಕಟ್ಟಡದಲ್ಲಿ ಮೊದಲು ಎಸ್ಕಲೇಟರ್ ಹತ್ತಿ ಮೇಲಕ್ಕೆ ಹೋಗುತ್ತೀರಿ. ಅಲ್ಲಿ ಬೆಟ್ಟದ ತೊರೆ, ನೀರುನಾಯಿಗಳು. ಹಾಗೇ ಇಳಿಯುತ್ತಾ ಬಂದರೆ ನೀರಿನ ಜೊತೆ ನೀವೂ ಕಡಲ ಕಡೆಗೆ ಹೊರಟಂತೆ. ಮಕ್ಕಳಿಗೆ ನದಿ ಅಂದರೆ ಏನು ಅಂತ ಇಷ್ಟು ಚೆನ್ನಾಗಿ ತೋರಿಸುವ ಜಾಗ ಕಡಿಮೆ.

ಸಂಜೆ ವಾಲ್ನಟ್ ಸ್ಟ್ರೀಟ್ ಸೇತುವೆ ಮೇಲೆ ನಡೆಯಿರಿ. 1891ರ ಸೇತುವೆ, 1993ರಿಂದ ನಡೆಯುವವರಿಗೆ, ಸೈಕಲ್‌ನವರಿಗೆ ಮಾತ್ರ. ಆಚೆ ದಡದ ಕೂಲಿಡ್ಜ್ ಪಾರ್ಕಿನಲ್ಲಿ ಮಕ್ಕಳು ಗಿರಗಿರ ತಿರುಗುವ ಮರದ ಕುದುರೆ (ಕ್ಯಾರೊಸೆಲ್) ಬಿಟ್ಟು ಇಳಿಯೋದಿಲ್ಲ!

ಭಾನುವಾರ ಲುಕ್‌ಔಟ್ ಮೌಂಟನ್. 1895ರ ಇನ್‌ಕ್ಲೈನ್ ರೈಲು ತುದಿ ಹತ್ತಿರ ಎಷ್ಟು ಕಡಿದಾಗಿ ಹತ್ತುತ್ತೆ ಅಂದ್ರೆ, ಹಿಂದೆ ನೋಡಿದರೆ ಊರೇ ಕಾಲಡಿ. ರೂಬಿ ಫಾಲ್ಸ್ ಗುಹೆಯೊಳಗೆ 145 ಅಡಿ ಜಲಪಾತ ಇದೆ. ಅದರ ಟಿಕೆಟ್ ಮಾತ್ರ ಮೊದಲೇ ಬುಕ್ ಮಾಡಿ, ಪ್ರವೇಶಕ್ಕೆ ಸಮಯ ಗೊತ್ತು ಮಾಡಿರುತ್ತಾರೆ. ಪುಟ್ಟ ಮಕ್ಕಳಿದ್ದರೆ ಎರಡರಲ್ಲಿ ರೈಲೇ ವಾಸಿ, ಗುಹೆಯಲ್ಲಿ ಜಾಸ್ತಿ ನಡೆಯಬೇಕು.